ಕೋಡಂಗಿಯ ಅಂಗಿಯೊಳಗಿದ್ದವಳು

ರಾಕ್‌ಹ್ಯಾಂಪ್ಟನ್, ಆಗಸ್ಟ್ ೧೯೨೯

ನನ್ನ ಪುಟ್ಟ ಎನಿಡ್,

ನಿನ್ನ ಕಾಗದ ನಮ್ಮ ಸರ್ಕಸ್ಸಿನ ಬೆನ್ನು ಹತ್ತಿ, ಮೂರು ಊರು ಸುತ್ತಿ, ಇವತ್ತು ಬೆಳಿಗ್ಗೆ ಕೈ ಸೇರಿತು. 'ಚಿಕ್ಕಮ್ಮಾ, ಅಮ್ಮ ಹೋಗ್ಬಿಟ್ಳು. ಅಪ್ಪಂಗೆ ಅಡುಗೆ ಬರಲ್ಲ. ನೀನು ಬರ್ತೀಯಾ?' ಎಂದು ಬರೆದಿದ್ದೀಯ. ಹತ್ತು ವರ್ಷದವಳ ಬರಹ, ಒಂದು ಚಿತ್ತೂ ಇಲ್ಲ. ನನ್ನ ಅಕ್ಕ ಹೆಸ್ಟರ್ ನಿನ್ನನ್ನು ಚೆನ್ನಾಗಿ ಬೆಳೆಸಿದ್ದಾಳೆ.

ಅವಳು ನಿನ್ನನ್ನು ಹೆತ್ತವಳಲ್ಲ, ಎನಿಡ್. ಹೆತ್ತವಳು ನಾನು.

ನಿನ್ನ ತಂದೆ ಲೆನ್ ಈ ಸರ್ಕಸ್ಸಿನ ಬಫೂನ್ ಆಗಿದ್ದ, ಆಟದಲ್ಲಿ ಅವನ ಹೆಸರು ಟಪ್ಪಿ. ಟಪ್ಪಿ ಬಂದ ಎಂದರೆ ಗಣಿ ಊರುಗಳ ಮಕ್ಕಳು ಗಾಡಿಯ ಹಿಂದೆ ಓಡಿ ಬರುತ್ತಿದ್ದವು. ಹತ್ತೊಂಬತ್ತನೇ ಇಸವಿಯ ಇನ್‌ಫ್ಲುಯೆಂಜಾ ಜ್ವರದಲ್ಲಿ ನಾಲ್ಕೇ ದಿನಕ್ಕೆ ಹೋಗಿಬಿಟ್ಟ. ನಿನಗಾಗ ಐದು ತಿಂಗಳು. ಮುಂದಿನ ಊರಿನ ಗೋಡೆಗಳಿಗೆಲ್ಲ ಅವನ ಚಿತ್ರ ಅಂಟಿಸಿ ಆಗಿತ್ತು. ಮಾಲೀಕ ಅವನ ಅಂಗಿ ತಂದು ನನ್ನ ಮುಂದಿಟ್ಟು, 'ವಿನ್ನಿ, ಅವನ ಆಟ ಪೂರ್ತಿ ಗೊತ್ತಿರೋಳು ನೀನೊಬ್ಳೇ. ಬಣ್ಣ ಬಳ್ಕೊಂಡ್ಮೇಲೆ ಗಂಡ್ಯಾರು, ಹೆಣ್ಯಾರು' ಎಂದ. ತೊಟ್ಟುಕೊಂಡೆ. ಜ್ವರದ ಡೇರೆಯಲ್ಲಿ ಕೂಸನ್ನು ಇಟ್ಟುಕೊಳ್ಳಲು ಹೆದರಿ, ನಿನ್ನನ್ನು ಗೋಲ್ಬರ್ನಿನಲ್ಲಿ ಅಕ್ಕನ ಮಡಿಲಿಗೆ ಹಾಕಿದೆ. ಒಂದು ವರ್ಷದ ಮಟ್ಟಿಗೆ ಎಂದುಕೊಂಡಿದ್ದೆ.

ವರ್ಷ ಕಳೆದು ಬಂದಾಗ ನೀನು ನನ್ನನ್ನು ಕಂಡು ಕಿಟಾರನೆ ಕಿರುಚಿ, ಅವಳ ಕೊರಳು ಬಿಡಲಿಲ್ಲ. 'ಬೀಳೋದನ್ನೇ ಹೊಟ್ಟೆಪಾಡು ಮಾಡ್ಕೊಂಡಿದೀಯ. ಇವಳನ್ನೂ ಗಾಡೀಲಿ ಹಾಕ್ಕೊಂಡು ಅಲೀತೀಯೇನೆ? ನನಗಂತೂ ದೇವರು ಕೊಡ್ಲಿಲ್ಲ. ಬಿಟ್ಟು ಹೋಗೇ ವಿನ್ನಿ' ಎಂದಳು ಅಕ್ಕ. ಗದರಿದ್ದಲ್ಲ, ಬೇಡಿಕೊಂಡದ್ದು. ನಾನು ನಿನಗೆ ಚಿಕ್ಕಮ್ಮನಾಗಿ ರೈಲು ಹತ್ತಿದೆ.

ನಿನಗೆ ಏಳಾದಾಗ ಸರ್ಕಸ್ಸು ನಿಮ್ಮೂರಿಗೆ ಬಂತು. ಮಧ್ಯಾಹ್ನದ ಆಟ. ನಾನು ಕತ್ತೆಯ ಮೇಲಿಂದ ಬಿದ್ದಾಗ ಎರಡನೇ ಸಾಲಿನಿಂದ ಒಂದು ನಗು ಕೇಳಿತು. ಉಸಿರು ಒಳಗೆಳೆದುಕೊಂಡು, ಬಿಕ್ಕಳಿಸಿದ ಹಾಗೆ. ಥೇಟ್ ಲೆನ್‌ನ ನಗು. ಅದನ್ನು ಇನ್ನೊಮ್ಮೆ, ಮತ್ತೊಮ್ಮೆ ಕೇಳುವ ಆಸೆಗೆ, ಮೂರು ಸಲ ಬೀಳಬೇಕಾದ ಕಡೆ ಒಂಬತ್ತು ಸಲ ಬಿದ್ದೆ. ಕೊನೆಯ ಸಲ ಮೊಣಕೈ ಮುರಿಯಿತು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಆಟ ಮುಗಿದ ಮೇಲೆ ನೀನು ಕತ್ತೆ ಮುಟ್ಟಬೇಕೆಂದು ಹಟ ಹಿಡಿದು ಬಂದೆ. ಅಕ್ಕ ನಿನ್ನ ಭುಜ ಹಿಡಿದು ಹಿಂದೆಯೇ ನಿಂತಿದ್ದಳು. 'ಟಪ್ಪಿ ಮಾಮಾ, ಅಷ್ಟು ಸಲ ಬಿದ್ಯಲ್ಲ, ನೋವಾಗಲ್ವಾ?' ಎಂದು ಕೇಳಿದೆ ನೀನು. ನಾನು ದನಿ ದಪ್ಪ ಮಾಡಿ, 'ಅಭ್ಯಾಸ ಆಗೋಗಿದೆ ಮರಿ' ಎಂದೆ.

'ಅಮ್ಮಾ, ಇವನು ಅಳ್ತಿದಾನೆ.'

'ಬೆವರು ಕಣೇ ಅದು, ನಡಿ' ಎಂದು ಅಕ್ಕ ನಿನ್ನನ್ನು ಎಳೆದುಕೊಂಡು ಹೋದಳು. ಡೇರೆಯ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಅವಳ ಮುಖವೂ ಒದ್ದೆಯಾಗಿತ್ತು. ಆಮೇಲೆ ನಾವಿಬ್ಬರೂ ಆ ದಿನದ ಮಾತೆತ್ತಲಿಲ್ಲ. ಈಗ ಎತ್ತೋಣವೆಂದರೆ ಅವಳಿಲ್ಲ.

ಇಷ್ಟೆಲ್ಲ ಬರೆದು ಕುಳಿತು ಯೋಚಿಸಿದೆ. ಮೊನ್ನೆ ಮೊನ್ನೆ ಅಮ್ಮನನ್ನು ಮಣ್ಣಿಗಿಟ್ಟು ಬಂದ ಮಗುವಿಗೆ, ಅವಳು ನಿನ್ನ ಅಮ್ಮನಲ್ಲ ಎಂದು ಹೇಳುವುದು ಅವಳನ್ನು ಇನ್ನೊಮ್ಮೆ ಹೂಳಿದ ಹಾಗೆ. ನನ್ನಿಂದಾಗದು. ಈ ಕಾಗದ ಅಂಚೆಗೆ ಹೋಗುವುದಿಲ್ಲ. ಬರುತ್ತೇನೆಂದು ತಂತಿ ಕೊಟ್ಟು ಗುರುವಾರದ ರೈಲು ಹತ್ತುತ್ತೇನೆ. ಮಾಲೀಕನಿಗೆ ಹೇಳಿಯಾಯಿತು, ಇನ್ನು ಟಪ್ಪಿ ಇಲ್ಲ. ನೀನು ಅಪ್ಪ ಎನ್ನುವ ಸಿರಿಲ್ ಭಾವನಿಗೂ ನಿನಗೂ ಬೇಯಿಸಿ ಹಾಕುತ್ತೇನೆ. ನೀನು ಅಮ್ಮನನ್ನು ನೆನೆದು ಅತ್ತಾಗ ಪಕ್ಕದಲ್ಲಿ ಕೂತು ನಾನೂ ಅಳುತ್ತೇನೆ. ಅಂಥ ಅಮ್ಮ ಯಾರಿಗೂ ಸಿಗುವುದಿಲ್ಲ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ನೂರು ಕಾಲ ನಗುತ್ತ ಬಾಳು, ಮಗಳೇ. ಹೀಗೆ ಕರೆಯುವುದು ಇದೊಂದೇ ಸಲ.

ಇಂತಿ ನಿನ್ನ
ಚಿಕ್ಕಮ್ಮ ವಿನ್ನಿ