ಮೇಷ್ಟ್ರ ಬ್ರೇಕು

ಮಂಗಳವಾರ, 12. ಬೆಳಗ್ಗೆ 6.40

ಟೈರಿಗೆ ಗಾಳಿ ನೋಡಿದ್ದಾಯಿತು. ಆಯಿಲ್, ನೀರು, ವೈಪರ್ — ಎಲ್ಲ ಸರಿ. ಸರಿಯಿಲ್ಲದ್ದು ಒಂದೇ: ಮೂವತ್ತೊಂದು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ನಾನು ಎಡಸೀಟಿನಲ್ಲಿ, ಲೈಸೆನ್ಸ್ ಸಿಕ್ಕಿ ಹತ್ತೊಂಬತ್ತು ದಿನವಾದ ಹೆಂಡತಿ ಸ್ಟಿಯರಿಂಗಿನಲ್ಲಿ. ಎಡಸೀಟು ನನಗೆ ಹೊಸದಲ್ಲ. ಬಾಯಿ ಮುಚ್ಚಿಕೊಂಡು ಕೂರುವುದು ಹೊಸದು.

ಅಕ್ಕಪಕ್ಕದ್ದು ನಿಮಗೆ ಸರಿಯಾಗಿ ಕಾಣುವುದಿಲ್ಲ, ಇನ್ನು ಗಾಡಿ ಓಡಿಸಬೇಡಿ ಅಂದಿದ್ದಾರೆ ಕಣ್ಣಿನ ಡಾಕ್ಟರು. ಅಂದಮೇಲೆ ಕಾರು ಅವಳ ಕೈಯಲ್ಲಿ ಓಡಬೇಕು, ಇಲ್ಲವೇ ಶೆಡ್ಡಿನಲ್ಲಿ ಧೂಳು ತಿನ್ನಬೇಕು. ಕಲಿತದ್ದಾದರೂ ನನ್ನ ಹತ್ತಿರವೇ? ಎದುರು ಬೀದಿಯ ಸ್ಕೂಲಿನಲ್ಲಿ. "ನಿಮ್ಮ ಹತ್ರ ಕಲಿಯೋರು ರಸ್ತೆಗಿಂತ ನಿಮಗೇ ಜಾಸ್ತಿ ಹೆದರ್ತಾರೆ ರೀ" ಅಂದಳು. ನುಂಗಿಕೊಂಡೆ.

ಷರತ್ತು ಇಂತಿದೆ. ಸಮುದ್ರದ ಪಕ್ಕದ ರಸ್ತೆ, ಐದು ದಿನ. ನಾನು ಬಾಯಿ ಹಾಕಕೂಡದು, ಕಾಲೂ ಹಾಕಕೂಡದು. ಹಾಕಿದರೆ ಅಲ್ಲಿಂದಲೇ ಅವಳು ಬಸ್ಸು ಹತ್ತುತ್ತಾಳೆ. ಆಮೇಲೆ ಜೀವಮಾನದಲ್ಲಿ ನನ್ನನ್ನು ಕೂರಿಸಿಕೊಂಡು ಓಡಿಸುವುದಿಲ್ಲ. ಕಾಲಿನ ಮಾತು ಬಂದದ್ದು ಯಾಕೆಂದರೆ, ಇದು ನನ್ನ ಡ್ರೈವಿಂಗ್ ಸ್ಕೂಲಿನ ಕಾರು. ಎಡಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ — ಮೇಷ್ಟ್ರ ಬ್ರೇಕು.

ಒಪ್ಪಿದೆ. ಅತ್ಯಂತ ಗಂಭೀರವಾಗಿ. ಒಪ್ಪಿ, ಒತ್ತಿದರೆ ಸದ್ದಾಗದ ಮೆತ್ತನೆ ಶೂ ಹಾಕಿಕೊಂಡೆ.

ನಿನ್ನೆ ಸರ್ವಿಸ್ ಮುಗಿಸಿ ಕೀ ಕೊಡುವಾಗ ಮೆಕ್ಯಾನಿಕ್ ಯಾಕೋ ನಕ್ಕ. "ಆರಾಮಾಗಿ ಕೂತ್ಕೊಂಡು ಹೋಗ್ಬನ್ನಿ ಮೇಷ್ಟ್ರೇ." ಹಲ್ಲು ಕಿರಿಯುವಂಥದ್ದು ಏನಿತ್ತೋ.

ಅದೇ ದಿನ, ಸಂಜೆ 5

ಸಮುದ್ರ ಬಂತು. ಒತ್ತಿದ್ದು ಹನ್ನೊಂದು ಸಲ. ತೊಡೆಯ ಮೇಲೆ ನಕ್ಷೆ ಹರಡಿಕೊಂಡಿದ್ದೆ. ಅದರ ಕೆಳಗೆ ಕಾಲು ನಡೆಸಿದ ರಾಜಕೀಯ ಯಾರಿಗೂ ಕಾಣದು. ಸರ್ವಿಸ್ ಆದಮೇಲೆ ಪೆಡಲ್ ಬೆಣ್ಣೆಯಂತಾಗಿದೆ, ತಾಗಿಸಿದರೆ ಸಾಕು, ಒಳಗೆ. ಮೆಕ್ಯಾನಿಕ್ ಒಳ್ಳೆ ಕೆಲಸಗಾರ.

ನಾನು ಯಾವಾಗಲೂ ಹೇಳಿಕೊಡುವ ಪಾಠ: ಕಾರು ನಿಂತದ್ದು ಪಕ್ಕದವನಿಗೆ ಗೊತ್ತಾಗದಿದ್ದರೆ ಅದು ಬ್ರೇಕು, ಮಿಕ್ಕಿದ್ದೆಲ್ಲ ಡಿಕ್ಕಿಯ ತಮ್ಮ. ಇವತ್ತು ಹೆಚ್ಚುಕಮ್ಮಿ ಹಾಗೇ ನಿಂತಿತು, ನಾಲ್ಕು ಸಲ. ನನ್ನ ಕಾಲಿಗೆ ಇನ್ನೂ ವಯಸ್ಸಾಗಿಲ್ಲ.

"ಹೇಗಿತ್ತು ರೀ ನನ್ನ ಬ್ರೇಕು?"

"ಪರವಾಗಿಲ್ಲ" ಅಂದೆ. ದೊಡ್ಡ ಮನಸ್ಸು ಮಾಡಿ.

ಬುಧವಾರ, 13

ಹದಿನಾಲ್ಕು. ತಿರುವುಗಳು ಜಾಸ್ತಿ. ರಾತ್ರಿಗೆ ಮೀನಖಂಡ ಹಿಡಿಯಬಹುದು. ತ್ಯಾಗವನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲ.

ಶುಕ್ರವಾರ, 15. ಮಧ್ಯಾಹ್ನ 3

ನಿನ್ನೆ ಬರೆಯಲಿಲ್ಲ. ಕಾರು ತೆಗೆಯಲೂ ಇಲ್ಲ. ಮಂಡಿಯುದ್ದ ನೀರಲ್ಲಿ ನಿಂತು ಇಬ್ಬರೂ ಏನೂ ಮಾಡಲಿಲ್ಲ. ಅದಕ್ಕೇ ಇಡೀ ದಿನ ಹಿಡಿಯಿತು.

ಇವತ್ತು ಬೆಳಗ್ಗೆ ಬೀಚಿನಲ್ಲಿ ಅವಳು ತಂಗಿಗೆ ಫೋನು ಮಾಡುತ್ತಿದ್ದಳು. "ಪೂರ್ತಿ ನಾನೇ ಕಣೇ. ಇವರು ಉಸಿರೇ ಎತ್ತಿಲ್ಲ." ಆ ಧ್ವನಿ ಕೇಳಿ ಮೆತ್ತನೆ ಶೂ ಕಚ್ಚಿದಂತಾಯಿತು.

ಆಮೇಲೆ ಗುಡ್ಡದ ರಸ್ತೆ. ಎರಡೂ ಕಡೆ ದ್ರಾಕ್ಷಿ ತೋಟ, ತಂತಿಯುದ್ದಕ್ಕೂ ಗೊಂಚಲು. ಮೇಲೆ ಹತ್ತುವಷ್ಟರಲ್ಲಿ ನಾಲ್ಕು ಸಲ ಒತ್ತಿದೆ. ಶೂ ತುಂಬ ಮರಳು. ಇಳಿಜಾರಿನಲ್ಲಿ ತಡೆಯಲಾಗದೆ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿ, ಬೆರಳ ಸಂದಿ ಒರೆಸಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಮೂಗಿನ ಮುಂದೆ ಟ್ರ್ಯಾಕ್ಟರು, ಅದರ ತುಂಬ ದ್ರಾಕ್ಷಿ ಕ್ರೇಟು. ಪಕ್ಕದ ಸಾಲಿನಿಂದ ನುಗ್ಗಿದ್ದಂತೆ. ನನಗೆ ಕಂಡಿರಲೇ ಇಲ್ಲ.

ನಮ್ಮ ಕಾರು ಮಾತ್ರ ನಿಂತಿತ್ತು. ಮೊಳ ದೂರದಲ್ಲಿ, ಸಾಧುವಾಗಿ. ನನ್ನ ಕಾಲು ನೋಡಿಕೊಂಡೆ. ಎರಡೂ ಸೀಟಿನ ಮೇಲೇ ಇದ್ದವು.

"ಹೋಗಿ ಅಣ್ಣಾ" ಎಂದು ಅವಳು ಟ್ರ್ಯಾಕ್ಟರಿನವನಿಗೆ ಕೈ ಬೀಸಿದಳು.

ತೋಟದ ಕಲ್ಲುಬೆಂಚಿನಲ್ಲಿ ಕೂತು ದ್ರಾಕ್ಷಿ ತಿನ್ನುವಾಗ ಹೇಳಿಯೇಬಿಟ್ಟೆ. ಬಸ್ಸಾದರೆ ಬಸ್ಸು.

"ನೋಡೇ... ಇಲ್ಲೀವರೆಗೆ ಇಪ್ಪತ್ತೊಂಬತ್ತು ಸಲ ಒತ್ತಿದೀನಿ."

ಬೀಜ ಉಗಿದಳು. "ಮೂವತ್ತೊಂದು. ಎರಡು ಸಲ ತೂಕಡಿಸ್ತಾನೂ ಒತ್ತಿದ್ರಿ. ಒತ್ತಿದಾಗೆಲ್ಲ ಕುತ್ತಿಗೆ ಮುಂದೆ ಬರುತ್ತೆ, ಆಮೆ ಥರ."

"ಗೊತ್ತಿತ್ತಾ? ಮತ್ತೆ ಬಸ್ಸು ಹತ್ತಲಿಲ್ಲ?"

"ಯಾಕೆ ಹತ್ತಲಿ? ಆ ಪೆಡಲಿನ ಕೇಬಲ್ ಸೋಮವಾರವೇ ಮೆಕ್ಯಾನಿಕ್ ಕೈಲಿ ಬಿಚ್ಚಿಸಿದೀನಿ. ಡಿಕ್ಕಿಯಲ್ಲಿದೆ. ನಿಮ್ಮ ಟವಲ್ ಕೆಳಗೆ."

ಹೋಗಿ ನೋಡಿದೆ. ಇತ್ತು, ನೀಟಾಗಿ ಸುರುಳಿ ಸುತ್ತಿ.

"ಮೊದಲೇ ಹೇಳಬಾರದಿತ್ತಾ?"

"ಒತ್ಕೊಳ್ಳಲಿ ಅಂತ ಬಿಟ್ಟೆ. ಕಾಲಿಗೆ ಕೆಲಸ ಇಲ್ದಿದ್ರೆ ಬಾಯಿ ಬಿಡ್ತಿದ್ರಿ."

ಹಿಂದಿನ ಪುಟ ತಿದ್ದಬೇಕು. ಮಂಗಳವಾರದ ಆ ನಾಲ್ಕು ಒಳ್ಳೆ ಬ್ರೇಕೂ ಅವಳವೇ. ಎದುರು ಬೀದಿಯ ಸ್ಕೂಲಿನ ಬಗ್ಗೆ ಇಲ್ಲೇನೂ ಬರೆಯುವುದಿಲ್ಲ.

ಶನಿವಾರ, 16. ಬೆಳಗ್ಗೆ 9.15

ಓಡುವ ಕಾರಿನಲ್ಲಿ ಕೂತು ಬರೆಯುತ್ತಿರುವುದು ಇದೇ ಮೊದಲು. ಕಾಲಿಗೆ ಕೆಲಸವಿಲ್ಲ, ಕೈಗೆ ಪುರುಸೊತ್ತು. ಆಮೆ ಅನ್ನಿಸಿಕೊಳ್ಳಬಾರದೆಂದು ಕುತ್ತಿಗೆಯನ್ನು ಸೀಟಿಗೆ ಆನಿಸಿದ್ದೇನೆ. ಇವಳು ಏನೋ ಗುನುಗುತ್ತಿದ್ದಾಳೆ, ರಾಗ ಯಾವುದೆಂದು ರಾಗಕ್ಕೂ ಗೊತ್ತಿಲ್ಲ. ಸಮುದ್ರಕ್ಕೆ ಇಷ್ಟೊಂದು ನೀಲಿ ಇದೆಯೆಂದು ಇವತ್ತೇ ನೋಡಿದ್ದು. ಇಷ್ಟು ವರ್ಷ ಮುಂದಿನ ಗಾಡಿಯ ಕೆಂಪುದೀಪ ನೋಡಿಕೊಂಡೇ ಬದುಕಿದೆ. ಅಕ್ಷರ ಒಂದೂ ಅಲುಗಿಲ್ಲ...

ಕಿಟಕಿಯ ಹೊರಗಿಂದ "ಇಳೀರಿ" ಅನ್ನುತ್ತಿದ್ದಾಳೆ. ಇಳಿಯುವುದು ಹೇಗೆ, ಕಾರಿನ್ನೂ ಓಡುತ್ತಿ—