ಮೂರನೆಯ ಪ್ರಶ್ನೆ

ಮಾರ್ಚ್ 4, ಸೋಮವಾರ

ಬೆಳಗಿನಿಂದ ಫೋನ್. ಈ ವಾರ ಶ್ವಾಸಕೋಶದ ಕ್ಯಾನ್ಸರ್‌ನವರ ಸರದಿ. ಕಾಯಿಲೆ ಪತ್ತೆಯಾಗಿ ಆರು ತಿಂಗಳಾದವರ ಮನೆಗೆಲ್ಲ ಆಸ್ಪತ್ರೆಯಿಂದ ನಾವೇ ಫೋನ್ ಮಾಡಬೇಕು. ಮೂರೇ ಪ್ರಶ್ನೆ. ಮೊದಲು— ಫೋನ್ ಅವರಿಗೆ ಕೊಡ್ತೀರಾ? ಬದುಕಿದ್ದಾರಾ ಎಂದು ಕೇಳುವಂತಿಲ್ಲ. ಫೋನ್ ಕೊಡದಿದ್ದರೆ ಅರ್ಥವಾಗುತ್ತದೆ. ಆಮೇಲೆ— ಚಿಕಿತ್ಸೆ ತಗೊಂಡ್ರಾ? ಇಲ್ಲ ಅಂದರೆ— ಯಾಕೆ?

ಈ ಮೂರನೆಯದೇ ತಲೆನೋವು. ಜನ ಸುಮ್ಮನಾಗಿಬಿಡುತ್ತಾರೆ. ದೂರ ಆಯ್ತು, ಭಯ ಆಯ್ತು... ಏನೋ ಒಂದು ಹೇಳಿ ಮುಗಿಸಬಾರದೇ? ನಾನು ಗಡಿಯಾರ ನೋಡುತ್ತೇನೆ, ಕಂಪ್ಯೂಟರ್‌ನಲ್ಲಿ 'ಗೊತ್ತಿಲ್ಲ' ಒತ್ತುತ್ತೇನೆ. ಪಕ್ಕದ ಮೇಜಿನ ಹುಡುಗ, ಮೆಲುದನಿ, ಮಾತ್ರ ಕಾಯುತ್ತಾ ಕೂರುತ್ತಾನೆ. ಹೆಸರಿಟ್ಟವಳು ನಾನೇ. ಅವನ ಮಾತು ಅವನ ಫೋನಿಗೆ ಕೇಳಿಸಿದರೆ ಹೆಚ್ಚು.

ಸಂಜೆ ಅಣ್ಣನ ರಿಪೋರ್ಟ್ ಬಂತು. ಅದೇ ಕಾಯಿಲೆ. ಗ್ಯಾರೇಜಿನ ಸದ್ದಿನಲ್ಲಿ ಅವನು ಫೋನ್ ಎತ್ತುವುದಿಲ್ಲ, ಅದಕ್ಕೆ ಆಸ್ಪತ್ರೆಯ ದಾಖಲೆಗೆ ನನ್ನ ನಂಬರ್ ಕೊಟ್ಟೆ. ಅತ್ತಿಗೆ ಅತ್ತರು. ನನಗೆ ಅಳು ಬರಲಿಲ್ಲ. ಹಸಿವಾಯಿತು.

ಮಾರ್ಚ್ 7, ಗುರುವಾರ

ಡಾಕ್ಟರ್ ನೋಡಿದರು. ಬೇರೆ ಕಡೆ ಹರಡಿಲ್ಲವಂತೆ. ಕೀಮೋ, ರೇಡಿಯೇಶನ್ ಎರಡೂ ಕೊಡಬಹುದು, ತಡ ಮಾಡಬೇಡಿ ಎಂದರು.

"ಇಷ್ಟು ವರ್ಷ ಸೇದಿದ್ದು ನಾನು ತಾನೇ. ಈಗ ಯಾವ ಮುಖ ಇಟ್ಕೊಂಡು ಉಳಿಸಿ ಅಂತ ಕೇಳ್ಲಿ?" ಎಂದ ಅಣ್ಣ.

"ಅದನ್ನ ನಾನು ಕೇಳಿದ್ನಾ ಯಜಮಾನ್ರೇ?" ಎಂದರು ಡಾಕ್ಟರ್.

ಅಣ್ಣ ಜಗ್ಗಲಿಲ್ಲ. ಗ್ಯಾರೇಜಿನಲ್ಲೂ ಅವನದು ಇದೇ ಕಾನೂನು. ಆಯಿಲ್ ಹಾಕದೆ ಓಡಿಸಿ, ಎಂಜಿನ್ ಒಳಗೇ ಕಚ್ಚಿ ಸೀಜ್ ಆದ ಮೇಲೆ ಬಂದವರ ಸ್ಕೂಟರ್ ಮುಟ್ಟುವುದಿಲ್ಲ. ಬೈದು ವಾಪಸ್ ಕಳಿಸುತ್ತಾನೆ. ಈಗ ತನ್ನನ್ನೇ ವಾಪಸ್ ಕಳಿಸಿಕೊಂಡ.

ಮಾರ್ಚ್ 19, ಮಂಗಳವಾರ

ಗ್ಯಾರೇಜಿಗೆ ಹೋಗಿದ್ದೆ. ಅಣ್ಣ ಸ್ಪ್ಯಾನರ್ ಹಿಡಿದು ಕೂತಿದ್ದ. ಕೆಮ್ಮು.

"ಏನಿಲ್ಲ ಪುಟ್ಟಿ, ಸೈಲೆನ್ಸರ್ ಹೋಗಿದೆ ಅಷ್ಟೇ," ಎಂದು ನಕ್ಕ. ನಾನು ನಗಲಿಲ್ಲ. ಅವನು ತಲೆ ಎತ್ತದೆಯೇ ಕೇಳಿದ—

"ನೀನು ಫೋನ್ ಮಾಡ್ತೀಯಲ್ಲ... ಚಿಕಿತ್ಸೆ ತಗೊಂಡೋರು ಉಳೀತಾರಾ?"

"ತಗೊಳ್ಳದೇ ಇರೋರಿಗಿಂತ ಜಾಸ್ತಿ ಜನ ಫೋನಿಗೆ ಬರ್ತಾರೆ."

"ಎಲ್ರೂ?"

"ಎಲ್ರೂ ಅಲ್ಲ."

ಆಫೀಸಿನ ದನಿಯಲ್ಲೇ ಹೇಳಿದೆ. ಅದೊಂದೇ ದನಿ ಉಳಿದಿದೆ ನನ್ನ ಹತ್ತಿರ. "ಮತ್ತೆ ಸುಮ್ನೆ ಯಾಕೆ?" ಎಂದು ಅವನು ನಟ್ಟು ಬಿಗಿಮಾಡತೊಡಗಿದ. ನೀನು ಬೇಕು ಕಣೋ ಅಣ್ಣ ಎನ್ನಬೇಕಿತ್ತು. ಬಸ್ಸಿಗೆ ಹೊತ್ತಾಯ್ತು ಎಂದು ಎದ್ದು ಬಂದೆ.

ಮೇ 27, ಸೋಮವಾರ

ಅಣ್ಣ ತಾನಾಗಿಯೇ ನನ್ನ ಮನೆಗೆ ಬಂದ. ಅತ್ತಿಗೆಯ ಭುಜ ಹಿಡಿದುಕೊಂಡು. ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡಿದ್ದ.

"ನಿನ್ನೆ ಒಬ್ಬ ಸೀಜ್ ಆದ ಗಾಡಿ ತಳ್ಕೊಂಡು ಬಂದ ಪುಟ್ಟಿ. ಬೈಯೋಕೆ ಬಾಯಿ ಬರ್ಲಿಲ್ಲ. ಬಿಚ್ಚಿ ನೋಡೋಣ ಅಂತ ಕೂತ್ಕೊಂಡೆ." ಉಸಿರು ಎಳೆದುಕೊಂಡು, "ನನ್ನೂ ಕರ್ಕೊಂಡು ಹೋಗು," ಎಂದ.

ಕರೆದುಕೊಂಡು ಹೋದೆ. ಮತ್ತೆ ಸ್ಕ್ಯಾನ್. ಲಿವರ್‌ಗೂ ಬಂದಿದೆ. ಈಗ ಕೀಮೋ ಕೊಟ್ಟರೆ ದೇಹ ತಡೆಯುವುದಿಲ್ಲ, ನೋವಿಗೆ ಮಾತ್ರ ಔಷಧಿ ಕೊಡೋಣ ಎಂದರು ಡಾಕ್ಟರ್.

"ಲೇಟಾಯ್ತಾ ಸಾರ್?"

ಡಾಕ್ಟರ್ ಅವನ ಕೈ ಹಿಡಿದುಕೊಂಡರು. ನಾನು ಫ್ಯಾನ್ ನೋಡುತ್ತಿದ್ದೆ.

ಜುಲೈ 14, ಭಾನುವಾರ

ಅಣ್ಣ ಹೋದ.

ಜುಲೈ 18, ಗುರುವಾರ

ಡ್ಯೂಟಿಗೆ ಹೋದೆ. ಫೋನ್ ಮಾಡಿದೆ. ಊಟ ಮಾಡಿದೆ, ಏನು ತಿಂದೆನೋ.

ಸೆಪ್ಟೆಂಬರ್ 4, ಬುಧವಾರ

ಅಣ್ಣನ ಕಾಯಿಲೆ ಪತ್ತೆಯಾಗಿ ಇವತ್ತಿಗೆ ಆರು ತಿಂಗಳು. ಮೆಲುದನಿಯ ಸ್ಕ್ರೀನ್ ಮೇಲೆ ನನ್ನ ನಂಬರ್ ಬಂತು.

"ಇದು ಬೇಡ ಅಕ್ಕಾ. ನಾನೇ ತುಂಬಿಬಿಡ್ತೀನಿ, ನಂಗೆ ಗೊತ್ತಲ್ಲ," ಎಂದ.

"ಎಲ್ರಿಗೂ ಮಾಡಿದ ಹಾಗೆ ಮಾಡು," ಎಂದೆ. ಸ್ವಲ್ಪ ಜೋರಾಗಿಯೇ ಬಂತು.

ಅವನು ಗೋಡೆ ಕಡೆ ತಿರುಗಿ ಕೂತ. ನನ್ನ ಮೇಜಿನ ಮೇಲೆ ಫೋನ್ ನಡುಗಿತು.

"ಫೋನ್ ಅವರಿಗೆ ಕೊಡ್ತೀರಾ?"

"ಇಲ್ಲ."

"ಚಿಕಿತ್ಸೆ ತಗೊಂಡ್ರಾ?"

"ಇಲ್ಲ."

"ಯಾಕೆ ಅಂತ ಹೇಳ್ತೀರಾ ಮೇಡಂ?"

ಬಾಯಿ ತೆರೆದೆ. ಅವನು ಗಡಿಯಾರ ನೋಡಲಿಲ್ಲ. ಅವನ ಉಸಿರು ಫೋನಿನಲ್ಲೂ ಕೇಳುತ್ತಿತ್ತು, ಪಕ್ಕದಿಂದಲೂ ಕೇಳುತ್ತಿತ್ತು. 'ಗೊತ್ತಿಲ್ಲ' ಒತ್ತು ಎನ್ನೋಣ ಎನ್ನಿಸಿತು. ಗೊತ್ತಿದೆ. ಅಣ್ಣ 'ಎಲ್ರೂ?' ಅಂತ ಕೇಳಿದ್ದ, ನಾನು 'ಎಲ್ರೂ ಅಲ್ಲ' ಅಂದು ಬಸ್ಸಿಗೆ ಎದ್ದು ಬಂದಿದ್ದೆ.