ರೆಪ್ಪೆ ಕೆಂಪಾದರೆ ಸಾಲದು

ಜಗಳೂರು
14-12-2024

ಕುರಿಗಳ ನಡುವೆ ಮನೆ ಮರೆತ ಮೊಮ್ಮಗ ಭೀಮೇಶನಿಗೆ ನಿನ್ನ ಅಜ್ಜಿಯ ಆಶೀರ್ವಾದ.

ಆರೋಗ್ಯವೇನಪ್ಪಾ? ಹೊನ್ನಾಳಿ ಕಡೆ ಗದ್ದೆ ಕೊಯ್ಲಾಗಿ ಮಂದೆ ನಿಲ್ಲಿಸಿದ್ದೀಯೆಂದು ತಿಳಿಯಿತು. ಕಾಲುವೆ ಬದಿಯ ಥಂಡಿಯಲ್ಲಿ ಕಂಬಳಿ ಹೊದೆಯದೆ ಮಲಗಬೇಡ. ಫೋನಿನಲ್ಲಿ ಹೇಳಿದರೆ "ಹೂಂ ಅಜ್ಜಿ" ಎನ್ನುತ್ತಲೇ ಕುರಿ ಅಟ್ಟುತ್ತೀಯ, ಅದಕ್ಕೇ ಈ ಕಾಗದ. ಕುರಿ ವ್ಯಾಪಾರಕ್ಕೆ ಆ ಕಡೆ ಹೊರಟಿರುವ ಲಾಲ್‌ಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಹೆಂಡತಿ ನಾಗರತ್ನ ಚೆನ್ನಾಗಿದ್ದಾಳೆ. ಕೆಮ್ಮು ನಿಂತು, ಕೆನ್ನೆ ತುಂಬಿ, ನನಗೇ ಎದುರು ಮಾತಾಡುವಷ್ಟು ಶಕ್ತಿ ಬಂದಿದೆ. "ಮೈ ಕೂಡೈತಲ್ಲ, ಟಿ.ಬಿ. ಮಾತ್ರೆ ಸಾಕು, ಅಡಿಗೆ ಮಾಡಾಕೆ ಮಂದೆಗೆ ಕಳ್ಸು" ಎಂದೆಯಲ್ಲ, ನನಗೂ ಹಾಗೇ ಅನಿಸಿತ್ತು. ಕುರಿಯ ಕಣ್ಣು ಬಿಡಿಸಿ ನೋಡುವಂತೆ ಅವಳ ಕೆಳರೆಪ್ಪೆ ಎಳೆದು ನೋಡಿದೆ. ದಾಸವಾಳದ ಹಾಗೆ ಕೆಂಪು, ರೋಗದ ಕುರಿಯಂತೆ ಬಿಳಿಚಿರಲಿಲ್ಲ. ರೋಗ ಹೋಯಿತೆಂದು ನಾನೇ ತೀರ್ಪು ಕೊಟ್ಟು, ಡಾಕ್ಟರಮ್ಮ ಸಂಧ್ಯಾರಾಣಿಯವರ ಮುಂದೆಯೂ ಅದನ್ನೇ ಹೇಳಿದೆ. ಆಯಮ್ಮ ನಗಲಿಲ್ಲ. ಪರೀಕ್ಷೆಗೆ ಕೊಡಲು ಈಗ ನಾಗರತ್ನಳಿಗೆ ಕಫವೇ ಬರುವುದಿಲ್ಲ. ಹಾಗಾಗಿ ಎಕ್ಸ್‌ರೇ ಜೊತೆಗೆ ರಕ್ತವನ್ನೂ ತೆಗೆಸಿದರು. ಮೈಯೊಳಗಿನ ಉರಿ ರಕ್ತದಲ್ಲಿ ಕಾಣುತ್ತದಂತೆ. "ಅಜ್ಜಿ, ಔಷಧಿ ಹತ್ತೈತೆ, ಉರಿ ಅರ್ಧಕ್ಕೆ ಇಳಿದೈತೆ. ಆದ್ರೆ ಪೂರ್ತಿ ಆರಿಲ್ಲ. ನಾಳೆ ರಕ್ತ ಸರಿ ಬಂದ್ರೂ ಕೋರ್ಸ್ ಮುಗಿಸ್ಲೇಬೇಕು. ನಡುವೆ ಬಿಟ್ರೆ ಆಮೇಲೆ ಈ ಮಾತ್ರೆಗೆ ರೋಗ ಬಗ್ಗದೇ ಹೋಗಬಹುದು" ಎಂದರು.

ಬೂದಿ ಮುಚ್ಚಿದ ಕೆಂಡವನ್ನು ಆರಿದ ಒಲೆ ಎಂದುಕೊಂಡಿದ್ದೆ ಕಣಪ್ಪಾ. ನನ್ನ ಬಾಯಿಗೆ ಹೆದರದೆ ತಿಳಿಹೇಳಿದ ಆ ತಾಯಿಯ ಹೊಟ್ಟೆ ತಣ್ಣಗಿರಲಿ. ನಾಗರತ್ನಳಿಗೂ ನಾನು ಋಣಿ. ಮೊದಮೊದಲು ಮಾತ್ರೆಯಿಂದ ಮೂತ್ರ ಕೆಂಪಾದಾಗ ಬೊಬ್ಬೆ ಹಾಕಿದವಳು ನಾನು, ಸಮಾಧಾನ ಮಾಡಿದವಳು ರೋಗಿ! ಇಂಥವಳನ್ನು ಮನೆಗೆ ತಂದೆಯಲ್ಲ, ಅದೊಂದು ಬುದ್ಧಿಯ ಕೆಲಸ ನಿನ್ನದು. ಕೋರ್ಸ್ ಮುಗಿಯುವತನಕ ಮಂದೆಗೆ ಕಳಿಸುವುದಿಲ್ಲ. ಅಡಿಗೆ ನೀನೇ ಮಾಡಿಕೋ. ಮುದ್ದೆ ಗಂಟಾದರೆ ಕುರಿಗಳೇನೂ ಬೈಯುವುದಿಲ್ಲ.

ಬೀರಪ್ಪ ದೇವರು ನಿನ್ನನ್ನೂ ಮಂದೆಯನ್ನೂ ಕಾಯಲಿ.

ನಿನ್ನ ಅಜ್ಜಿ,
ದ್ಯಾಮಮ್ಮ

ತಾ.ಕ.: ಲಾಲ್‌ಸಾಬರು ಬಾಗಿಲಲ್ಲಿ ನಿಂತಿದ್ದಾರೆ. "ಹೋದ ಸಲ ನೋಡ್ದೆ ದ್ಯಾಮಕ್ಕ, ಭೀಮೇಶ ಬಾಳ ದಿನದಿಂದ ಕೆಮ್ತಾನೆ. ನಿಮಗೆ ಹೇಳಬ್ಯಾಡ ಅಂದಿದ್ದ" ಎಂದು ಈಗ ಬಾಯಿಬಿಟ್ಟರು. ನಾಗರತ್ನ ಕೇಳಿಸಿಕೊಂಡಳು. ಮಾತ್ರೆಗಳನ್ನು ಸೆರಗಿಗೆ ಕಟ್ಟಿಕೊಂಡು ಅವರ ಗಾಡಿ ಹತ್ತಿ ಕೂತಿದ್ದಾಳೆ. ಅಡಿಗೆ ಮಾಡಲು ಅಲ್ಲ, ನಿನ್ನನ್ನು ಹೊನ್ನಾಳಿ ಆಸ್ಪತ್ರೆಗೆ ಎಳೆದುಕೊಂಡು ಹೋಗಲು. ನಾನು ತಡೆಯಲಿಲ್ಲ. ಕುರಿಯನ್ನು ಯಾರಿಗಾದರೂ ಒಪ್ಪಿಸಿ ಸುಮ್ಮನೆ ಅವಳ ಹಿಂದೆ ನಡೆ.